ಊರಿಗೆ ಹೊರಡುವ ಮುನ್ನ ಕಾರಿನ ಮಾತು ಕೇಳಿ

ಕೆಟ್ಟದ್ದು ಯಾವುದೆಂದು ತಿಳಿದರೆ ಅರ್ಧ ಖರ್ಚು ಉಳಿದಂತೆ

ಎಪ್ರಿಲ್ ತಿಂಗಳು ಕೊನೆಗೆ ಬಂತೆಂದರೆ ಮುಂಬಯಿ, ಥಾಣೆ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನದೇ ಮಾತು. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ. ಕೊಂಕಣ ರೈಲಿನ ಟಿಕೆಟ್ ವೈಟಿಂಗ್ ಲಿಸ್ಟ್‌ನಿಂದ ಮೇಲೇಳುವುದಿಲ್ಲ. ಖಾಸಗಿ ಬಸ್ಸಿನ ದರ ಕೇಳಿದರೆ ಐದು ಮಂದಿಯ ಸಂಸಾರಕ್ಕೆ ತಲೆ ತಿರುಗುತ್ತದೆ. ಕೊನೆಗೆ "ಕಾರಿನಲ್ಲೇ ಹೋಗೋಣ" ಎಂಬ ತೀರ್ಮಾನ.

ಆದರೆ ಆ ಕಾರು ವರ್ಷವಿಡೀ ಮಾಡಿದ್ದೇನು? ಸೊಸೈಟಿಯ ಪಾರ್ಕಿಂಗ್‌ನಲ್ಲಿ ಧೂಳು ತಿಂದದ್ದು, ಭಾನುವಾರ ಮದುವೆ ಹಾಲ್‌ಗೋ ಸಂಘದ ಸಭೆಗೋ ಹೋಗಿ ಬಂದದ್ದು. ಅಂಥ ಗಾಡಿಯನ್ನು ಒಮ್ಮೆಲೇ ಮೇ ತಿಂಗಳ ಬಿಸಿಲಿನಲ್ಲಿ, ಎಸಿ ಹಾಕಿ, ಡಿಕ್ಕಿ ತುಂಬಾ ಸಾಮಾನು ಹೇರಿ ಸುಮಾರು 900 ಕಿಲೋಮೀಟರ್ ಓಡಿಸಲಾಗುತ್ತದೆ. ಪನ್ವೇಲ್‌ನಿಂದ ಕೊಂಕಣದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ 17) ಇರಲಿ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯಾಗಿ ಅರಬೈಲ್ ಘಾಟಿ ಇಳಿದು ಅಂಕೋಲಾ ಸೇರುವ ದಾರಿ ಇರಲಿ, ಘಾಟಿಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಘಾಟಿಯ ನಡುವೆ ರಾತ್ರಿ ಹೊತ್ತು ಬಾನೆಟ್‌ನಿಂದ ಹೊಗೆ ಎದ್ದರೆ, ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ಮಡಿಲಲ್ಲಿ ನಿದ್ದೆಹೋದ ಮಗು ಇದ್ದರೆ, ಆಗ ಸಿಕ್ಕಿದ ಮೆಕ್ಯಾನಿಕ್ ಹೇಳಿದ್ದೇ ದರ.

ಇದಿಷ್ಟು ಸ್ವಂತ ಕಾರಿನವರ ಕಥೆ. ನಗರದಲ್ಲಿ ಟ್ಯಾಕ್ಸಿ, ಟೂರಿಸ್ಟ್ ಗಾಡಿ ಓಡಿಸಿ ಸಂಸಾರ ಸಾಗಿಸುವ ಕನ್ನಡಿಗರ ಪಾಡು ಬೇರೆಯೇ. ಗಾಡಿ ಗ್ಯಾರೇಜ್‌ನಲ್ಲಿ ನಿಂತ ದಿನ ಸಂಪಾದನೆ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಒಂದು ಕಾಲದಲ್ಲಿ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿಯ ಚಾಲಕ ಪ್ಲಗ್ ಬಿಚ್ಚಿ ಉಜ್ಜಿ, ಕಾರ್ಬುರೇಟರ್‌ಗೆ ಗಾಳಿ ಊದಿ ತಾನೇ ಗಾಡಿ ಸರಿಮಾಡಿಕೊಳ್ಳುತ್ತಿದ್ದ. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಸರಿಯಿತು. ಇಂದಿನ ಕಾರುಗಳಲ್ಲಿ ಸೆನ್ಸರ್, ಕಂಪ್ಯೂಟರ್ ತುಂಬಿವೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬ ಭಾವನೆ ಹಲವರದು. ಅದು ಪೂರ್ತಿ ನಿಜವಲ್ಲ. ಗಾಡಿ ನಿಲ್ಲಿಸುವ ತೊಂದರೆಗಳಲ್ಲಿ ಹೆಚ್ಚಿನವು ಇಂದಿಗೂ ಹಳೆಯವೇ: ಬ್ಯಾಟರಿ, ನೀರು, ಬೆಲ್ಟ್, ಬ್ರೇಕ್, ಟಯರ್, ಕ್ಲಚ್. ಅವು ಮುಂಚಿತವಾಗಿ ಶಬ್ದ, ವಾಸನೆ, ದೀಪದ ಮೂಲಕ ಸೂಚನೆ ಕೊಟ್ಟೇ ಕೆಡುತ್ತವೆ. ರಿಪೇರಿ ಮಾಡುವುದು ಮೆಕ್ಯಾನಿಕ್‌ನ ಕೆಲಸ. ಲಕ್ಷಣವನ್ನು ಗುರುತಿಸಿ ಸರಿಯಾಗಿ ಹೇಳುವುದು ಮಾಲಕನ ಕೆಲಸ. ಹಣ ಉಳಿಯುವುದು ಈ ಎರಡನೆಯದರಲ್ಲಿ.

ಸ್ಟಾರ್ಟ್ ಆಗದ ಗಾಡಿ

ಬೆಳಗ್ಗೆ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. "ಬ್ಯಾಟರಿ ಹೋಯಿತು" ಎಂದು ಹೊಸ ಬ್ಯಾಟರಿ ತರಿಸುವವರೇ ಹೆಚ್ಚು. ಎರಡು ವಾರದಲ್ಲಿ ಹೊಸ ಬ್ಯಾಟರಿಯೂ ಮಲಗಿದಾಗ ತಪ್ಪು ಗೊತ್ತಾಗುತ್ತದೆ. ಕೆಟ್ಟದ್ದು ಬ್ಯಾಟರಿಯಲ್ಲ, ಅದಕ್ಕೆ ಚಾರ್ಜ್ ಕೊಡುವ ಆಲ್ಟರ್ನೇಟರ್.

ಮೊದಲು ನೋಡಬೇಕಾದದ್ದು ಖರ್ಚಿಲ್ಲದ ಸಂಗತಿ. ಬಾನೆಟ್ ತೆಗೆದು ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ, ಅದರ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದೆಯೇ ನೋಡಿ. ಮೊದಲು ನೆಗೆಟಿವ್, ಮತ್ತೆ ಪಾಸಿಟಿವ್ ವಯರ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಟರ್ಮಿನಲ್ ಉಜ್ಜಿ ಒಣಗಿಸಿ, ಬಿಗಿಯಾಗಿ ಕೂರಿಸಿ, ಸ್ವಲ್ಪ ವ್ಯಾಸಲಿನ್ ಹಚ್ಚಿದರೆ ಎಷ್ಟೋ ಗಾಡಿಗಳು ಅಲ್ಲೇ ಸ್ಟಾರ್ಟ್ ಆಗುತ್ತವೆ. ಮತ್ತೆ ಕೂರಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಅನಂತರ ಶಬ್ದ ಕೇಳಿ. ಕೀ ತಿರುಗಿಸಿದಾಗ ದೀಪ ಮಂಕಾಗಿ "ಟಕ ಟಕ ಟಕ" ಎಂದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ. ದೀಪ ಚೆನ್ನಾಗಿ ಉರಿಯುತ್ತಾ ಒಂದೇ ಸಲ "ಟಕ್" ಎಂದು ಸುಮ್ಮನಾದರೆ ಸೆಲ್ಫ್ ಮೋಟಾರಿನ ಮೇಲೆ ಸಂಶಯ. ಸೆಲ್ಫ್ ಚುರುಕಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ ಎಂದಾದರೆ ಬ್ಯಾಟರಿಯ ತಪ್ಪಿಲ್ಲ; ಇಂಧನ ಬರುತ್ತಿಲ್ಲ ಅಥವಾ ಕಿಡಿ ಹಾರುತ್ತಿಲ್ಲ. ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಸಣ್ಣ ಗುಂಯ್‌ಗುಡುವ ಶಬ್ದ ಬರಬೇಕು. ಅದು ಕೇಳಿಸದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಲು ಹೇಳಿ. ಫ್ಯೂಸಿಗೆ ಕೆಲವೇ ರೂಪಾಯಿ, ಪಂಪಿಗೆ ಸಾವಿರಾರು.

ಬ್ಯಾಟರಿಯೋ ಆಲ್ಟರ್ನೇಟರೋ ಎಂಬ ಸಂಶಯವನ್ನು ಒಂದು ಸಾದಾ ಮೀಟರ್ ಎರಡು ನಿಮಿಷದಲ್ಲಿ ತೀರಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ತಿ ಇದೆ, 12.2ಕ್ಕಿಂತ ಇಳಿದಿದ್ದರೆ ಅರ್ಧಕ್ಕಿಂತ ಕಡಿಮೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಇದು ಸ್ವಲ್ಪ ಏರಿಳಿಯುವುದುಂಟು. ಎಂಜಿನ್ ಓಡುತ್ತಿದ್ದರೂ ಅಂಕೆ 12ರ ಆಸುಪಾಸಿನಲ್ಲೇ ನಿಂತರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಬೇಕು. ಹೆಚ್ಚಿನ ಬ್ಯಾಟರಿ ಅಂಗಡಿಗಳು ಈ ಪರೀಕ್ಷೆಗೆ ಹಣ ಕೇಳುವುದಿಲ್ಲ. ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ಬದಲಿಸಲೇಬೇಕಾದರೆ ತಯಾರಾದ ತಿಂಗಳು ಯಾವುದೆಂದು ಕೇಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿ, ಹಳೆಯ ಬ್ಯಾಟರಿಯ ಬೆಲೆ ಕಳೆದು ಬಿಲ್ ಮಾಡಿಸಿ. ಹಳೆಯದನ್ನು ಸುಮ್ಮನೆ ಬಿಟ್ಟು ಬರುವುದೆಂದರೆ ಹಣ ಬಿಟ್ಟು ಬಂದಂತೆ.

ಬೇರೆ ಕಾರಿನಿಂದ ವಯರ್ ಹಾಕಿ ಸ್ಟಾರ್ಟ್ ಮಾಡುವಾಗ ಕ್ರಮ ತಪ್ಪಬಾರದು. ಕೆಂಪು ವಯರ್ ಮೊದಲು ಮಲಗಿದ ಬ್ಯಾಟರಿಯ ಪಾಸಿಟಿವ್‌ಗೆ, ಮತ್ತೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ವಯರ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಮಲಗಿದ ಗಾಡಿಯ ಎಂಜಿನ್ನಿನ ಯಾವುದಾದರೂ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರಕ್ಕೆ. ತೆಗೆಯುವಾಗ ಇದರ ಉಲ್ಟಾ. ಪಾಸಿಟಿವ್-ನೆಗೆಟಿವ್ ಅದಲುಬದಲಾದರೆ ಸುಡುವುದು ಕಂಪ್ಯೂಟರ್ ಭಾಗಗಳು.

ಘಾಟಿಯಲ್ಲಿ ಕುದಿಯುವ ಎಂಜಿನ್

ಊರಿನ ದಾರಿಯಲ್ಲಿ ಅತ್ಯಂತ ದುಬಾರಿಯಾಗುವ ತೊಂದರೆ ಇದೇ. ಉಷ್ಣತೆಯ ಮುಳ್ಳು ಮೇಲೇರಿದರೆ ಅಥವಾ ಕೆಂಪು ದೀಪ ಹೊತ್ತಿದರೆ "ಘಾಟಿ ಹತ್ತಿ ನೋಡೋಣ" ಎನ್ನಬಾರದು. ಕೂಡಲೇ ಎಸಿ ಆಫ್ ಮಾಡಿ, ಸುರಕ್ಷಿತ ಜಾಗದಲ್ಲಿ ಗಾಡಿ ಬದಿಗೆ ಹಾಕಿ. ನಿಲ್ಲಿಸುವ ಜಾಗ ಸಿಗುವವರೆಗೆ ಹೀಟರ್ ಪೂರ್ತಿ ತಿರುಗಿಸಿಟ್ಟರೆ ಒಳಗೆ ಸೆಖೆಯಾದರೂ ಎಂಜಿನ್ನಿನ ಶಾಖ ಸ್ವಲ್ಪ ಹೊರಹೋಗುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಖಂಡಿತಾ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ಕನಿಷ್ಠ ಅರ್ಧ ಗಂಟೆ ಆರಲು ಬಿಟ್ಟು ನೋಡಬೇಕು.

ಅಷ್ಟು ಹೊತ್ತು ಕಾಯಲು ತಾಳ್ಮೆ ಇಲ್ಲದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಾಗುತ್ತದೆ. ಕೆಲವು ನೂರು ರೂಪಾಯಿಯ ಪೈಪ್ ಅಥವಾ ಕ್ಲಿಪ್‌ನ ಸಮಸ್ಯೆ ಎಂಜಿನ್ ಬಿಚ್ಚುವ ಕೆಲಸವಾಗಿ ಹತ್ತಾರು ಸಾವಿರಕ್ಕೆ ಬೆಳೆಯುವುದು ಹೀಗೆ.

ಬಿಸಿಯಾಗಲು ಕಾರಣಗಳನ್ನೂ ಅಗ್ಗದಿಂದ ದುಬಾರಿಯ ಕಡೆಗೆ ಹುಡುಕಬೇಕು. ಕೂಲೆಂಟ್ ಕಡಿಮೆ ಇದೆಯೇ? ಪೈಪ್ ಬಿರಿದಿದೆಯೇ? ರೇಡಿಯೇಟರ್ ಮುಂದೆ ಧೂಳು, ಕೀಟ, ಪ್ಲಾಸ್ಟಿಕ್ ಚೀಲ ಅಂಟಿದೆಯೇ? ಫ್ಯಾನ್ ತಿರುಗುತ್ತಿದೆಯೇ? ತಿರುಗದಿದ್ದರೆ ಫ್ಯೂಸ್, ರಿಲೇ ಸರಿ ಇದೆಯೇ? ಇವೆಲ್ಲ ಆದ ಮೇಲೆ ಥರ್ಮೋಸ್ಟಾಟ್, ವಾಟರ್ ಪಂಪ್, ಕೊನೆಗೆ ಗ್ಯಾಸ್ಕೆಟ್. ಹೆದ್ದಾರಿಯಲ್ಲಿ ಸರಿಯಿದ್ದು ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾದರೆ ಫ್ಯಾನ್ ಮೇಲೆ ಸಂಶಯ. ಟ್ರಾಫಿಕ್‌ನಲ್ಲಿ ಸರಿಯಿದ್ದು ಘಾಟಿ, ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು ಅಥವಾ ಪಂಪ್ ಸೋತಿರಬಹುದು. ಯಾವಾಗ ಬಿಸಿಯಾಗುತ್ತದೆ ಎಂಬ ಒಂದು ಮಾತು ಮೆಕ್ಯಾನಿಕ್‌ನ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ನಲ್ಲಿ ನೀರು, ಬೋರ್‌ವೆಲ್ ನೀರನ್ನು ರೇಡಿಯೇಟರ್‌ಗೆ ಸುರಿಯುವುದು ಆಪತ್ತಿಗೆ ಮಾತ್ರ. ಅದರಿಂದ ಒಳಗೆ ಸುಣ್ಣದ ಪದರ, ತುಕ್ಕು ಕಟ್ಟುತ್ತದೆ. ಊರು ಸೇರಿದ ಮೇಲೆ ಅದನ್ನು ತೆಗೆದು ಸರಿಯಾದ ಕೂಲೆಂಟ್ ತುಂಬಿಸಬೇಕು.

ಬ್ರೇಕ್, ಟಯರ್: ಇಲ್ಲಿ ಜಿಪುಣತನ ಬೇಡ

ಬ್ರೇಕ್ ಒತ್ತಿದಾಗ ಕೀರಲು ಶಬ್ದ ಬಂದರೆ ಪ್ಯಾಡ್ ಸವೆದಿದೆ ಎಂಬ ಸೂಚನೆ. ಅದನ್ನು ಅಲಕ್ಷಿಸಿ ಲೋಹಕ್ಕೆ ಲೋಹ ಉಜ್ಜುವ "ಕರಕರ" ಬರುವವರೆಗೆ ಕಾದರೆ ಪ್ಯಾಡಿನ ಜತೆ ಡಿಸ್ಕ್ ಕೂಡ ಬದಲಿಸಬೇಕಾಗುತ್ತದೆ, ಖರ್ಚು ಕೆಲವು ಪಟ್ಟು ಏರುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಬ್ರೇಕ್ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಫ್ಲುಯಿಡ್ ಸೋರುತ್ತಿದೆ. ಅಂಥ ಗಾಡಿಯನ್ನು ಗ್ಯಾರೇಜ್‌ಗೆ ಕೂಡ ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡು ಹೋಗಬೇಕು. ಬ್ರೇಕ್ ಹಾಕಿದಾಗ ಸ್ಟೇರಿಂಗ್ ಅದುರಿದರೆ ಡಿಸ್ಕ್ ಓರೆಯಾಗಿರಬಹುದು. ಬ್ರೇಕ್ ಫ್ಲುಯಿಡ್ ಗಾಳಿಯ ತೇವ ಹೀರುತ್ತದೆ. ಮುಂಬಯಿ, ಕರಾವಳಿಯಂಥ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರ್‌ನಲ್ಲಿ ಘಾಟಿ ಹತ್ತುತ್ತೇವೋ ಅದೇ ಗೇರ್‌ನಲ್ಲಿ ಇಳಿಯಬೇಕು ಎಂಬ ಹಳೆಯ ಲಾರಿ ಚಾಲಕರ ಮಾತು ಇಂದಿಗೂ ಸುಳ್ಳಲ್ಲ.

ಟಯರಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಅದು ಕಾನೂನಿನ ಲೆಕ್ಕದಲ್ಲೂ ಮುಗಿದ ಟಯರ್. ಗೀರುಗಳ ನಡುವೆ ಇರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಸವೆದಿದ್ದರೆ ಬದಲಿಸುವ ಕಾಲ ಬಂತೆಂದರ್ಥ. ಟಯರ್ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಉದಾಹರಣೆಗೆ 3521 ಎಂದಿದ್ದರೆ 2021ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಓಡದೆ ನಿಂತ ಕಾರಿನ ಟಯರ್ ನೋಡಲು ಹೊಸದಂತಿದ್ದರೂ ವಯಸ್ಸಾಗಿ ಬದಿಯಲ್ಲಿ ಬಿರುಕು ಬಿಡುತ್ತದೆ. ಹೊಸ ಟಯರ್ ಕೊಳ್ಳುವಾಗಲೂ ಈ ಅಂಕೆ ನೋಡಿಯೇ ಹಣ ಕೊಡಬೇಕು.

80-100 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಬೇಕಾದದ್ದು ವೀಲ್ ಬ್ಯಾಲೆನ್ಸಿಂಗ್. ಕೈ ಬಿಟ್ಟರೆ ಗಾಡಿ ಒಂದು ಬದಿಗೆ ಎಳೆದರೆ ಮೊದಲು ಗಾಳಿ ನೋಡಿ, ಆಮೇಲೆ ಅಲೈನ್‌ಮೆಂಟ್. ಗಾಳಿಯ ಪ್ರಮಾಣ ಚಾಲಕನ ಬಾಗಿಲಿನ ಒಳಬದಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟಯರ್ ತಣ್ಣಗಿರುವಾಗ ತುಂಬಿಸಬೇಕು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡುವ ಅಭ್ಯಾಸ ಹೆಚ್ಚಿನವರಿಗಿಲ್ಲ. ಅದು ನೆನಪಾಗುವುದು ಪಂಕ್ಚರ್ ಆದ ಮೇಲೆ.

ಕ್ಲಚ್, ಎಸಿ: ಟ್ರಾಫಿಕ್‌ನ ಕೊಡುಗೆ

ಮುಂಬಯಿಯ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಒತ್ತಿಯೇ ನಿಲ್ಲುವ ಅಭ್ಯಾಸ ಕ್ಲಚ್ ಪ್ಲೇಟಿನ ಆಯುಷ್ಯ ತಿನ್ನುತ್ತದೆ. ಎಕ್ಸಲೇಟರ್ ಒತ್ತಿದಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಪ್ಲೇಟ್ ಮುಗಿದಿದೆ. ಅಂಥ ಗಾಡಿ ತುಂಬಿದ ಹೊರೆಯೊಡನೆ ಘಾಟಿ ಹತ್ತುವುದು ಸಂಶಯ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗುವುದರಿಂದ ಮಜೂರಿಯೇ ದೊಡ್ಡದು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ನೋಡಿಸಿದರೆ ಎರಡನೇ ಸಲ ಮಜೂರಿ ಕೊಡುವುದು ತಪ್ಪುತ್ತದೆ.

ಎಸಿ ತಣ್ಣಗಾಗದಿದ್ದರೆ "ಗ್ಯಾಸ್ ತುಂಬಿಸಿ" ಎನ್ನುವುದು ವಾಡಿಕೆ. ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದ ಗ್ಯಾಸ್ ಮುಂದಿನ ಬೇಸಗೆಗೆ ಉಳಿಯುವುದಿಲ್ಲ. ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಯಾಸಿನ ತಪ್ಪಿಲ್ಲ, ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಹೆಚ್ಚಿನ ಕಾರುಗಳಲ್ಲಿ ಅದು ಎಡಬದಿಯ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಸ್ಕ್ರೂ ಡ್ರೈವರ್ ಕೂಡ ಇಲ್ಲದೆ ಮನೆಯಲ್ಲೇ ಬದಲಿಸಬಹುದು.

ನೆಲದ ಕಲೆ, ಬೋರ್ಡಿನ ದೀಪ

ರಾತ್ರಿ ಗಾಡಿಯ ಎಂಜಿನ್ ಕೆಳಗೆ ಒಂದು ಹಳೆಯ ರಟ್ಟು ಹಾಸಿಟ್ಟರೆ ಬೆಳಗ್ಗೆ ಅದೇ ವರದಿ ಕೊಡುತ್ತದೆ. ಬಣ್ಣವಿಲ್ಲದ ನೀರಾದರೆ ಎಸಿಯದ್ದು, ಚಿಂತೆ ಬೇಡ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣವಾದರೆ ಕೂಲೆಂಟ್. ಕಪ್ಪು, ಕಂದು ಜಿಡ್ಡಾದರೆ ಆಯಿಲ್. ಚಕ್ರದ ಬಳಿ ತೆಳುವಾದ ಜಿಡ್ಡು ಕಂಡರೆ ಬ್ರೇಕ್ ಫ್ಲುಯಿಡ್ ಇರಬಹುದು, ತಡಮಾಡಬಾರದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಇಂಧನ ಹೆಚ್ಚು ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಹೋಗುತ್ತಿರಬಹುದು.

ಬೋರ್ಡಿನ ದೀಪಗಳಿಗೆ ಸುಲಭದ ನಿಯಮವೊಂದಿದೆ. ಕೆಂಪು ಎಂದರೆ ನಿಲ್ಲಿಸಿ. ಆಯಿಲ್ ಕ್ಯಾನಿನ ಕೆಂಪು ಚಿತ್ರ ಹೊತ್ತಿದಾಗ ಎರಡು ಕಿಲೋಮೀಟರ್ ಓಡಿಸಿದರೂ ಎಂಜಿನ್ ಜಾಮ್ ಆಗಬಹುದು. ಹಳದಿ ಎಂದರೆ ಬೇಗ ತೋರಿಸಿ. ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್‌ವರೆಗೆ ಹೋಗಬಹುದು. ಮಿನುಗುತ್ತಾ ಎಂಜಿನ್ ನಡುಗುತ್ತಿದ್ದರೆ ಓಡಿಸಬಾರದು. ಆ ದೀಪದ ಹಿಂದೆ ಒಂದು ಕೋಡ್ ಇರುತ್ತದೆ. ಸ್ಕ್ಯಾನರ್ ಹಾಕಿ ಓದಿದರೆ ತೊಂದರೆ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ. ಆದರೆ ಕೋಡ್‌ನಲ್ಲಿ ಸೆನ್ಸರ್ ಹೆಸರು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಅದಕ್ಕೆ ಹೋಗುವ ವಯರ್ ಸಡಿಲವಾಗಿದ್ದರೂ ಇಲಿ ಕಡಿದಿದ್ದರೂ ಅದೇ ಕೋಡ್ ಬರುತ್ತದೆ. ಕೋಡನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಅದು ಬೇಕಾಗುತ್ತದೆ.

ಸಿಎನ್‌ಜಿ ಗಾಡಿಯವರಿಗೆ ಇನ್ನೆರಡು ಮಾತು. ಅದರ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಲೇಬೇಕು. ಗ್ಯಾಸ್ ವಾಸನೆ ಬಂದರೆ ಸಿಲಿಂಡರಿನ ವಾಲ್ವ್ ಮುಚ್ಚಿ ಅಧಿಕೃತ ಸಿಎನ್‌ಜಿ ಕೇಂದ್ರಕ್ಕೆ ಹೇಳಬೇಕು, ರಸ್ತೆ ಬದಿಯವರ ಕೈಗೆ ಕೊಡಬಾರದು. ಎಳೆತ ಕಡಿಮೆಯಾದರೆ ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ. ಸಿಎನ್‌ಜಿಯಲ್ಲಿ ಪ್ಲಗ್ ದುರ್ಬಲವಾದದ್ದು ಪೆಟ್ರೋಲಿಗಿಂತ ಬೇಗ ಗೊತ್ತಾಗುತ್ತದೆ.

ಜುಲೈ 26ರ ಪಾಠ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿಗರು ಮರೆತಿಲ್ಲ. ಅಂದು ನೀರಿನಲ್ಲಿ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ಪ್ರತಿ ಮಳೆಗಾಲದಲ್ಲಿ ಸಣ್ಣ ಪ್ರಮಾಣದಲ್ಲಿ ಅದೇ ನಡೆಯುತ್ತದೆ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗುವುದೇ ದೊಡ್ಡ ತಪ್ಪು. ಎಂಜಿನ್ನಿನೊಳಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಲಾರದು, ಒಳಗಿನ ರಾಡ್ ಬಾಗುತ್ತದೆ. ಸುಮ್ಮನಿದ್ದರೆ ನೀರು ತೆಗೆದು, ಆಯಿಲ್ ಬದಲಿಸಿ ಉಳಿಸಬಹುದಾಗಿದ್ದ ಎಂಜಿನ್ ಒಂದು ಸೆಲ್ಫ್‌ನಲ್ಲಿ ಹೋಗುತ್ತದೆ. ಸಾಮಾನ್ಯ ವಿಮಾ ಪಾಲಿಸಿಗಳು ಇಂಥ ಎಂಜಿನ್ ಹಾನಿಯನ್ನು ಹೆಚ್ಚಾಗಿ ಭರಿಸುವುದಿಲ್ಲ. ಎಂಜಿನ್ ಸುರಕ್ಷೆಯ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿ ಇದೆಯೇ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳುವುದು ಜಾಣತನ.

ಗ್ಯಾರೇಜ್‌ನಲ್ಲಿ ಏನು ಹೇಳಬೇಕು

"ಬ್ಯಾಟರಿ ಬದಲಿಸಿ", "ಗ್ಯಾಸ್ ತುಂಬಿಸಿ" ಎಂದು ಹೇಳಿದರೆ ಮೆಕ್ಯಾನಿಕ್ ಅಷ್ಟೇ ಮಾಡುತ್ತಾನೆ. ತೊಂದರೆ ಉಳಿದರೆ ಅವನ ತಪ್ಪಲ್ಲ, ಹೇಳಿದವರದು. ಅದರ ಬದಲು "ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಆಗುವುದಿಲ್ಲ, ಮಧ್ಯಾಹ್ನ ಆಗುತ್ತದೆ", "ಎಡಕ್ಕೆ ತಿರುಗಿಸುವಾಗ ಮಾತ್ರ ಮುಂದಿನ ಚಕ್ರದಲ್ಲಿ ಟಕಟಕ ಬರುತ್ತದೆ" ಎಂದು ಲಕ್ಷಣ ಹೇಳಬೇಕು. ಶಬ್ದ ಆಗಾಗ ಬಂದು ಮಾಯವಾಗುವಂಥದ್ದಾದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಬಹುದು. ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವುದು ಇನ್ನೂ ಉತ್ತಮ.

ಕೆಲಸಕ್ಕೆ ಮೊದಲು ಬರೆದ ಅಂದಾಜು ಪಟ್ಟಿ ಬೇಕು. ಅದರಲ್ಲಿ ಬಿಡಿಭಾಗದ ಬೆಲೆ ಬೇರೆ, ಮಜೂರಿ ಬೇರೆ ಇರಲಿ. ಫೋನ್ ಮಾಡಿ ಕೇಳದೆ ಹೆಚ್ಚಿನ ಕೆಲಸ ಮಾಡಬಾರದೆಂದು ಮೊದಲೇ ಹೇಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹೀಗೆ ಕೇಳುವವರ ಗಾಡಿಯಲ್ಲಿ ಸುಳ್ಳು ಕೆಲಸ ಮಾಡಲು ಯಾರೂ ಮುಂದಾಗುವುದಿಲ್ಲ. ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಕ್ಲೀನಿಂಗ್ ಎಂದು ಬಿಲ್ಲಿಗೆ ಸೇರಿಸುವ ಸೇವೆಗಳುಂಟು. ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ಆ ಕಿಲೋಮೀಟರಿಗೆ ಅದನ್ನು ಹೇಳಿದೆಯೇ ಎಂದು ನೋಡಿ. ಇಲ್ಲದಿದ್ದರೆ, ಗಾಡಿಯಲ್ಲಿ ತೊಂದರೆಯೂ ಇಲ್ಲದಿದ್ದರೆ, ಬೇಡ ಎನ್ನಲು ಸಂಕೋಚ ಬೇಡ.

ಸಂಕೋಚದ ಮಾತು ಬಂದಾಗ ನಮ್ಮವರಲ್ಲಿರುವ ಒಂದು ಅಭ್ಯಾಸವನ್ನೂ ಹೇಳಬೇಕು. ಗ್ಯಾರೇಜ್ ನಡೆಸುವವರು ನಮ್ಮೂರಿನವರು, ದೂರದ ಸಂಬಂಧಿಕರು ಎಂಬ ಕಾರಣಕ್ಕೆ ದರ ಕೇಳದೆ, ಬಿಲ್ ಪಡೆಯದೆ ಗಾಡಿ ಬಿಟ್ಟು ಬರುತ್ತೇವೆ. ಆಮೇಲೆ ಮೊತ್ತ ಕೇಳಿ ಮನಸ್ಸು ಕಹಿ ಮಾಡಿಕೊಂಡು, ಮುಂದಿನ ಸಮಾರಂಭದಲ್ಲಿ ಮುಖ ತಿರುಗಿಸಿಕೊಳ್ಳುತ್ತೇವೆ. ಮೊದಲೇ ಬರೆದುಕೊಂಡರೆ ಅವರ ಕಸುಬಿಗೂ ಗೌರವ, ಸಂಬಂಧವೂ ಉಳಿಯುತ್ತದೆ. ಪರಿಚಯದ ಲಾಭ ಸಾಲ ಹೇಳುವುದರಲ್ಲಿ ಅಲ್ಲ, ನಂಬಿಕಸ್ತ ಮೆಕ್ಯಾನಿಕ್ ಯಾರೆಂದು ತಿಳಿದುಕೊಳ್ಳುವುದರಲ್ಲಿದೆ. ದಿನವಿಡೀ ಗಾಡಿ ಓಡಿಸುವ ಟೂರಿಸ್ಟ್ ಚಾಲಕರು ಯಾವ ಗ್ಯಾರೇಜ್‌ಗೆ ಹೋಗುತ್ತಾರೆ ಎಂದು ಕೇಳಿ ನೋಡಿ. ಕೆಟ್ಟ ಕೆಲಸ ಮಾಡುವವನ ಬಳಿ ಅವರು ಎರಡನೇ ಸಲ ಹೋಗುವುದಿಲ್ಲ.

ವಾರಂಟಿ ಇರುವ ಗಾಡಿಯನ್ನು ಅಧಿಕೃತ ಕೇಂದ್ರದಲ್ಲೇ ಸರ್ವಿಸ್ ಮಾಡಿಸುವುದು ಸುರಕ್ಷಿತ. ವಾರಂಟಿ ಮುಗಿದ ಮೇಲೆ ಎಲ್ಲ ಕೆಲಸಕ್ಕೂ ಅಲ್ಲಿಗೇ ಹೋಗಬೇಕಿಲ್ಲ. ಬ್ರೇಕ್, ಕ್ಲಚ್, ಸಸ್ಪೆನ್ಷನ್, ಬ್ಯಾಟರಿಯಂಥ ಕೆಲಸಗಳನ್ನು ಒಳ್ಳೆಯ ಹೊರಗಿನ ಗ್ಯಾರೇಜ್ ಕಡಿಮೆ ಮಜೂರಿಯಲ್ಲಿ ಮಾಡುತ್ತದೆ. ಸಂಕೀರ್ಣ ಎಲೆಕ್ಟ್ರಾನಿಕ್ ತೊಂದರೆಗೆ ಮಾತ್ರ ಸರಿಯಾದ ಸ್ಕ್ಯಾನರ್ ಇರುವಲ್ಲಿಗೆ ಹೋಗಬೇಕು.

ಬಿಡಿಭಾಗ ಎಲ್ಲಿ, ಎಂಥದ್ದು

ಬಿಡಿಭಾಗಗಳಲ್ಲಿ ಮೂರು ಬಗೆ. ಕಾರು ಕಂಪನಿಯ ಮುದ್ರೆಯ ಪೊಟ್ಟಣದಲ್ಲಿ ಬರುವ ಜೆನ್ಯೂನ್. ಕಾರು ಕಂಪನಿಗೇ ಭಾಗ ಮಾಡಿಕೊಡುವ ತಯಾರಕರು ತಮ್ಮ ಹೆಸರಿನಲ್ಲಿ ಮಾರುವ ಒಇಎಂ. ಇನ್ನು ಬೇರೆಯವರು ತಯಾರಿಸುವ ಸಾದಾ ಮಾಲು. ಹಳೆಯ ಚಾಲಕರಿಗೆ ಮೈಕೋ ಪ್ಲಗ್ ಗೊತ್ತೇ ಇದೆ. 1951ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಇಂಥ ತಯಾರಕರ ಮಾಲು ಅದೇ ಗುಣಮಟ್ಟದ್ದಾಗಿದ್ದು ಜೆನ್ಯೂನ್ ಪೊಟ್ಟಣಕ್ಕಿಂತ ಹೆಚ್ಚಾಗಿ ಅಗ್ಗವಾಗಿರುತ್ತದೆ. ಜಾಣರ ಆಯ್ಕೆ ಇದು.

ಮುಂಬಯಿಯಲ್ಲಿ ಒಪೇರಾ ಹೌಸ್ ಪರಿಸರ ಮತ್ತು ಕುರ್ಲಾದ ಸಿಎಸ್‌ಟಿ ರೋಡ್ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಪುಣೆಯವರಿಗೆ ನಾನಾ ಪೇಠ್, ಚೆನ್ನೈಯವರಿಗೆ ಪುದುಪೇಟೆ, ಹೈದರಾಬಾದಿನವರಿಗೆ ರಾಣಿಗಂಜ್, ದಿಲ್ಲಿಯವರಿಗೆ ಕಶ್ಮೀರಿ ಗೇಟ್ ಇದೆ. ಹೋಗುವಾಗ ಕಾರಿನ ಮಾಡೆಲ್, ತಯಾರಾದ ವರ್ಷ, ಚಾಸಿಸ್ ನಂಬರ್ ಬರೆದುಕೊಳ್ಳಿ. ಸಾಧ್ಯವಾದರೆ ಹಳೆಯ ಭಾಗವನ್ನೇ ಒಯ್ಯಿರಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಹಿಂದೆ ಹಲವು ಭಾಗಗಳಿಗೆ ಶೇ. 28 ಇತ್ತು. ಬಿಲ್ ನೋಡುವಾಗ ಇದು ನೆನಪಿರಲಿ.

ಬಾಗಿಲಿನ ಹಿಡಿ, ಕನ್ನಡಿ, ಬಂಪರ್, ಸೀಟು ಇಂಥವನ್ನು ಸೆಕೆಂಡ್‌ಹ್ಯಾಂಡ್ ಕೊಂಡರೆ ನಷ್ಟವಿಲ್ಲ. ಬ್ರೇಕ್, ಸ್ಟೇರಿಂಗ್ ಭಾಗ, ಏರ್‌ಬ್ಯಾಗ್, ಸೀಟ್ ಬೆಲ್ಟ್, ಟಯರ್ ಮಾತ್ರ ಹಳೆಯದು ಬೇಡವೇ ಬೇಡ. ಬಿಲ್ ಇಲ್ಲದ ಅಗ್ಗದ ಮಾಲು ಕದ್ದ ಗಾಡಿಯದ್ದಾಗಿದ್ದರೆ ಕೊಂಡವರಿಗೂ ಪೊಲೀಸ್ ಠಾಣೆಯ ದಾರಿ.

ಮೋಸವಾದರೆ

ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜ್‌ಗಳಿಗೂ ಸಿಗಬೇಕು ಎಂಬ ಹೋರಾಟಕ್ಕೆ ನಮ್ಮಲ್ಲಿ ಇತಿಹಾಸವಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ವಿಧಿಸಿ, ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ಒದಗಿಸಬೇಕೆಂದು ಆದೇಶಿಸಿತ್ತು. ಆದೇಶ ಮೇಲ್ಮನವಿಗೆ ಹೋಯಿತಾದರೂ ಆ ಚರ್ಚೆ ನಿಲ್ಲಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಕುರಿತ ಪೋರ್ಟಲ್ ಆರಂಭಿಸಿತು. ವಾಹನ ಕ್ಷೇತ್ರವೂ ಅದರಲ್ಲಿ ಸೇರಿದೆ.

ಮಾಡದ ಕೆಲಸಕ್ಕೆ ಬಿಲ್, ನಕಲಿ ಭಾಗ, ಒಪ್ಪಿಗೆಯಿಲ್ಲದ ರಿಪೇರಿ ಆದರೆ ಮೊದಲು ಗ್ಯಾರೇಜ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಪ್ರಯೋಜನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಕೈಯಲ್ಲಿ ಬಿಲ್ ಇರಬೇಕು. ತೆರಿಗೆ ಉಳಿಸಲು "ಬಿಲ್ ಬೇಡ" ಎಂದವರಿಗೆ ಯಾವ ಆಯೋಗವೂ ಸಹಾಯ ಮಾಡುವುದು ಕಷ್ಟ.

ಹೊರಡುವ ಎರಡು ವಾರ ಮುಂಚೆ

ಊರಿಗೆ ಹೊರಡುವ ಹಿಂದಿನ ದಿನ ಗಾಡಿ ಸರ್ವಿಸ್‌ಗೆ ಬಿಡುವುದು ನಮ್ಮವರ ಸಾಮಾನ್ಯ ತಪ್ಪು. ಅವಸರದಲ್ಲಿ ದರ ಕೇಳಲು ಸಮಯವಿರುವುದಿಲ್ಲ, ಸಡಿಲ ಬಿಟ್ಟ ನಟ್ಟು ಘಾಟಿಯಲ್ಲಿ ಗೊತ್ತಾಗುತ್ತದೆ. ಎರಡು ವಾರ ಮುಂಚೆ ತೋರಿಸಿ, ಒಂದು ಭಾನುವಾರ ಲೋಣಾವಳಕ್ಕೋ ಬೇರೆಲ್ಲಿಗೋ ನೂರಿನ್ನೂರು ಕಿಲೋಮೀಟರ್ ಓಡಿಸಿ ಬಂದರೆ ಉಳಿದ ತೊಂದರೆ ನಗರದಲ್ಲೇ ಹೊರಬೀಳುತ್ತದೆ.

ಡಿಕ್ಕಿಯಲ್ಲಿ ಇರಬೇಕಾದವು: ಗಾಳಿಯಿರುವ ಸ್ಟೆಪ್ನಿ, ಜಾಕ್, ಪಾನಾ, ಜಂಪರ್ ವಯರ್, ಟಾರ್ಚ್, ಎರಡು ಮೂರು ಫ್ಯೂಸ್, ಒಂದು ಲೀಟರ್ ಕೂಲೆಂಟ್, ಐದು ಲೀಟರ್ ನೀರು, ಕೆಂಪು ತ್ರಿಕೋನ ಫಲಕ. ಉಪ್ಪಿನಕಾಯಿ ಭರಣಿ, ಸೀರೆಯ ಪೆಟ್ಟಿಗೆಗಳ ಅಡಿಯಲ್ಲಿ ಸ್ಟೆಪ್ನಿ ಹೂತುಹೋಗದಿರಲಿ. ಗಾಡಿ ನಿಂತರೆ ಹಝಾರ್ಡ್ ದೀಪ ಹಾಕಿ, ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಟ್ಟು, ಮನೆಯವರನ್ನು ರಸ್ತೆಯಿಂದ ದೂರ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಎಲ್ಲ ತುರ್ತಿಗೂ 112. ವಿಮಾ ಪಾಲಿಸಿಯಲ್ಲಿ ರಸ್ತೆ ನೆರವು ಸೇರಿದ್ದರೆ ಆ ನಂಬರನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಡಿ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಪಕ್ಕದ ಅಂಗಡಿಯ ಫೋನೇ ಗತಿ.

ಕಾರು ಕೆಡುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಕೆಡುವ ಮೊದಲು ಅದು ಕೊಡುವ ಸೂಚನೆ ಕೇಳಿದರೆ, ಅಗ್ಗದ ಕಾರಣವನ್ನು ಮೊದಲು ನೋಡಿಸಿದರೆ, ಬ್ರೇಕು-ಟಯರಿನಲ್ಲಿ ಉಳಿಸದೆ ಬೇಡದ ಸೇವೆಗಳಲ್ಲಿ ಉಳಿಸಿದರೆ ಗ್ಯಾರೇಜ್‌ನಲ್ಲಿ ಕಳೆಯುವ ಹಣ ಊರಿನ ಖರ್ಚಿಗೆ ಉಳಿಯುತ್ತದೆ. ಮುಂಬಯಿಯಿಂದ ಹೊರಟ ಕರೆ ಬಂದಾಗಿನಿಂದ ಊರಿನ ಮನೆಯಲ್ಲಿ ಅಜ್ಜಿ ಜಗಲಿಯಲ್ಲಿ ಕುಳಿತು ದಾರಿ ಕಾಯುತ್ತಿರುತ್ತಾರೆ. ಗಾಡಿ ತಡವಾಗಿ ತಲಪಿದರೂ ಚಿಂತೆಯಿಲ್ಲ, ಎಲ್ಲರೂ ಕ್ಷೇಮವಾಗಿ ಅಂಗಳದಲ್ಲಿ ಇಳಿಯಬೇಕು.